ನೊರೆ ಬಂದರೆ ರೋಗ ಹೋಯಿತೇ?

ಪ್ರಶ್ನೆ: ಕುಂಡಗಳಲ್ಲಿರುವ ಗಿಡಗಳ ಬೇರು ಕೊಳೆಯುತ್ತಿದೆ, ಮಣ್ಣಿನ ಮೇಲೆ ಬಿಳಿ ಬೂಷ್ಟು ಹಿಡಿದಿದೆ. ಗಾಯ ತೊಳೆಯಲು ಬಳಸುವ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್‌ನ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ, ಕುಂಡಕ್ಕೆ ಒಂದು ಲೀಟರಿನಂತೆ ಸುರಿದೆ. ಮಣ್ಣು ಭುಸುಗುಟ್ಟಿ ನೊರೆ ಎದ್ದಿತು. ನೊರೆ ಹೆಚ್ಚು ಬಂದಷ್ಟೂ ರೋಗಾಣು ಹೆಚ್ಚು ಸತ್ತಂತೆ ಎಂದು ಓದಿದ್ದೇನೆ, ನಿಜವೇ? ಕೊನೆಗೆ ಅದು ನೀರು ಮತ್ತು ಆಮ್ಲಜನಕವಾಗುವುದರಿಂದ ಎಷ್ಟು ಹಾಕಿದರೂ ಅಪಾಯವಿಲ್ಲವೇ? ಬೇರಿಗೆ ಆಮ್ಲಜನಕವೂ ಸಿಗುತ್ತದಲ್ಲವೇ? ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾವನ್ನು ಜೊತೆಯಲ್ಲೇ ಕೊಡಬಹುದೇ? ಕತ್ತರಿ, ಹಳೆಯ ಕುಂಡ ತೊಳೆಯಲು ಇದು ಸಾಕೇ?

ಉತ್ತರ: ನೊರೆಯ ವಿಷಯವನ್ನು ಮೊದಲು ಮುಗಿಸಿಬಿಡೋಣ. ನಿಮ್ಮ ಉಳಿದ ಪ್ರಶ್ನೆಗಳೆಲ್ಲ ಅದರ ಬಾಲ ಹಿಡಿದುಕೊಂಡೇ ಬಂದಿವೆ. ಕುಂಡದಲ್ಲಿ ನೀವು ಕಂಡ ಬುರುಗು ರೋಗಾಣು ಸಾಯುತ್ತಿರುವ ಗುರುತಲ್ಲ. ಅಲ್ಲಿ ಸಾಯುತ್ತಿದ್ದದ್ದು ನೀವು ಸುರಿದ ಔಷಧ.

ನಂಬಿಕೆ ಬಾರದಿದ್ದರೆ ಒಂದು ಆಲೂಗಡ್ಡೆ ಸಾಕು. ಚೆನ್ನಾಗಿ ತೊಳೆದು, ಸಿಪ್ಪೆ ಹೆರೆದು, ಒಂದು ಹೋಳು ಕತ್ತರಿಸಿ ತಟ್ಟೆಯಲ್ಲಿಡಿ. ಇನ್ನೊಂದು ಹೋಳನ್ನು ಬೇಯಿಸಿ, ಆರಿಸಿ, ಪಕ್ಕದಲ್ಲಿಡಿ. ಎರಡರ ಮೇಲೂ ನಿಮ್ಮ ಬಾಟಲಿಯಿಂದ ಎರಡೆರಡು ಹನಿ ಬಿಡಿ. ಹಸಿ ಹೋಳಿನ ಮೇಲೆ ಕ್ಷಣಕಾಲ ಏನೂ ಕಾಣದು. ಆಮೇಲೆ ಹನಿಯ ತಳದಿಂದ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ಏಳುತ್ತವೆ, ನೋಡನೋಡುತ್ತಿದ್ದಂತೆ ಹನಿ ಇಡಿಯಾಗಿ ಬೆಳ್ಳಗಾಗಿ ಉಬ್ಬಿ ಹೋಳಿನ ಅಂಚಿನಿಂದ ಇಳಿಯುತ್ತದೆ. ಬೆಂದ ಹೋಳಿನ ಮೇಲೆ ಹನಿ ಕೂತಲ್ಲೇ ಕೂತಿರುತ್ತದೆ. ಹಸಿ ಆಲೂಗಡ್ಡೆಯಲ್ಲಿ ಯಾವ ರೋಗವೂ ಇರಲಿಲ್ಲ. ಇದ್ದದ್ದು ಕ್ಯಾಟಲೇಸ್ ಎಂಬ ಕಿಣ್ವ. ಬೇಯಿಸಿದಾಗ ಕೆಟ್ಟದ್ದೂ ಅದೇ.

ಕ್ಯಾಟಲೇಸ್‌ಗೆ ಇರುವುದು ಒಂದೇ ಕೆಲಸ: ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದು. ಉಸಿರಾಡುವ ಜೀವಕೋಶದಲ್ಲಿ ಪೆರಾಕ್ಸೈಡ್ ತಾನಾಗಿಯೇ ಹುಟ್ಟುತ್ತಿರುತ್ತದೆ, ಅದನ್ನು ಗುಡಿಸಿ ಹಾಕಲು ಈ ಕಿಣ್ವವಿದೆ. ಇದರ ಒಂದೇ ಒಂದು ಅಣು ಸೆಕೆಂಡಿಗೆ ದಶಲಕ್ಷಗಳ ಲೆಕ್ಕದಲ್ಲಿ ಪೆರಾಕ್ಸೈಡ್ ಅಣುಗಳನ್ನು ಒಡೆಯಬಲ್ಲದು. ನಮಗೆ ತಿಳಿದಿರುವ ಅತಿ ವೇಗದ ಕಿಣ್ವಗಳ ಸಾಲಿನಲ್ಲಿ ಇದರದು ಮೇಲಿನ ಸ್ಥಾನ. ಗಿಡ, ಪ್ರಾಣಿ, ಶಿಲೀಂಧ್ರ, ಗಾಳಿಯಲ್ಲಿ ಬದುಕುವ ಬಹುಪಾಲು ಬ್ಯಾಕ್ಟೀರಿಯಾ, ಎಲ್ಲರ ಬಳಿಯೂ ಇದಿದೆ.

ಸೂಕ್ಷ್ಮಜೀವಿ ಪ್ರಯೋಗಾಲಯಗಳಲ್ಲಿ ಕ್ಯಾಟಲೇಸ್ ಪರೀಕ್ಷೆ ಎಂಬ ಹಳೆಯ ವಿಧಾನವೊಂದಿದೆ. ಗಾಜಿನ ಪಟ್ಟಿಯ ಮೇಲೆ ಬ್ಯಾಕ್ಟೀರಿಯಾವನ್ನು ಚೂರು ಸವರಿ ಒಂದು ಹನಿ ಶೇ. 3ರ ಪೆರಾಕ್ಸೈಡ್ ಬಿಡುತ್ತಾರೆ. ನೊರೆ ಬಂದರೆ ಅದು ಸ್ಟ್ಯಾಫಿಲೋಕಾಕಸ್ ಗುಂಪಿನದಿರಬಹುದು, ಬಾರದಿದ್ದರೆ ಸ್ಟ್ರೆಪ್ಟೋಕಾಕಸ್ ಗುಂಪಿನದಿರಬಹುದು. ಇದರ ಅರ್ಥ ಗಮನಿಸಿ. ನೊರೆ ಎಬ್ಬಿಸುವ ಜೀವಿಯ ಕೈಯಲ್ಲಿ ಗುರಾಣಿ ಇದೆ. ನೊರೆಯನ್ನೇ ಔಷಧದ ಪ್ರತಾಪ ಎಂದು ತಿಳಿಯುವುದು, ಬಾಣ ಗುರಾಣಿಗೆ ಬಡಿದ ಸದ್ದು ಕೇಳಿ ಶತ್ರು ಬಿದ್ದ ಎಂದುಕೊಂಡ ಹಾಗೆ.

ಇದು ಹೊಸ ಸಂಗತಿಯೇನಲ್ಲ. ಫ್ರೆಂಚ್ ರಸಾಯನ ವಿಜ್ಞಾನಿ ಲೂಯಿ ಜಾಕ್ ತೆನಾರ್ 1818ರಲ್ಲಿ ಬೇರಿಯಂ ಪೆರಾಕ್ಸೈಡನ್ನು ಆಮ್ಲದಲ್ಲಿ ಕರಗಿಸಿ ಈ ವಸ್ತುವನ್ನು ಮೊದಲ ಬಾರಿಗೆ ಪಡೆದ. 'ಆಮ್ಲಜನಕ ಬೆರೆತ ನೀರು' ಎಂದೇ ಅದಕ್ಕೆ ಹೆಸರಿಟ್ಟ. ರಕ್ತದಿಂದ ತೆಗೆದ ಫೈಬ್ರಿನ್ (ಹೆಪ್ಪುಗಟ್ಟಿಸುವ ನಾರಿನಂಥ ಪ್ರೋಟೀನು) ತಾಗಿದರೆ ಅದು ಬುಸ್ಸೆಂದು ಒಡೆಯುತ್ತದೆ, ಫೈಬ್ರಿನ್ ಮಾತ್ರ ಇದ್ದಂತೆಯೇ ಇರುತ್ತದೆ ಎಂಬುದನ್ನೂ ಅವನೇ ಗಮನಿಸಿದ. 1835ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ವೇಗವರ್ಧನೆ, ಅಂದರೆ ಒಂದು ವಸ್ತು ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವುದು, ಎಂಬ ಕಲ್ಪನೆಗೆ ಹೆಸರು ಕೊಟ್ಟಾಗ ಅವನ ಮುಂದಿದ್ದ ಉದಾಹರಣೆಗಳಲ್ಲಿ ಇದೂ ಒಂದು.

ಹಾಗಾದರೆ ಪೆರಾಕ್ಸೈಡ್ ಕೊಲ್ಲುವುದೇ ಇಲ್ಲವೇ? ಕೊಲ್ಲುತ್ತದೆ, ಆದರೆ ಬೇರೆ ದಾರಿಯಿಂದ. ಇದರ ಅಣುವಿನಲ್ಲಿ ಎರಡು ಆಮ್ಲಜನಕ ಪರಮಾಣುಗಳು ಕೈಕೈ ಹಿಡಿದು ನಿಂತಿವೆ, ಎರಡು ತುದಿಗಳಲ್ಲಿ ಒಂದೊಂದು ಜಲಜನಕ. ತುದಿಯ ಬಂಧಗಳು ಗಟ್ಟಿ, ನಡುವಿನದು ಸಡಿಲು. ಒಂದು ಮೋಲ್‌ಗೆ ಸುಮಾರು 210 ಕಿಲೋಜೌಲ್ ಕೊಟ್ಟರೆ ಬಿಟ್ಟುಕೊಳ್ಳುತ್ತದೆ, ತುದಿಯವುಗಳಿಗೆ ಬೇಕಾದದ್ದಕ್ಕಿಂತ ಬಹಳ ಕಡಿಮೆ. ಕ್ಯಾಟಲೇಸ್ ಈ ನಡುಬಂಧವನ್ನು ಅಚ್ಚುಕಟ್ಟಾಗಿ ಬಿಡಿಸಿ ಯಾರಿಗೂ ನೋವಾಗದಂತೆ ನೀರು ಮತ್ತು ಆಮ್ಲಜನಕ ಮಾಡಿ ಕಳಿಸುತ್ತದೆ. ಕಬ್ಬಿಣದ ಅಯಾನಿಗೆ ಆ ನಾಜೂಕು ಇಲ್ಲ. ಅದು ಬಂಧವನ್ನು ಕಿತ್ತು ಒಂದು ತುಂಡನ್ನು, ಜೋಡಿಯಿಲ್ಲದ ಇಲೆಕ್ಟ್ರಾನಿನಿಂದಾಗಿ ಸಿಕ್ಕಿದ್ದರ ಮೇಲೆ ಎರಗುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗಿ ಹೊರಗೆ ಬಿಡುತ್ತದೆ. ಹೆನ್ರಿ ಫೆಂಟನ್ 1894ರಲ್ಲಿ ವಿವರಿಸಿದ ಕ್ರಿಯೆಯ ಬೇರು ಇಲ್ಲಿದೆ. ಅದರಲ್ಲಿ ಓಡಾಡುವುದು ಈ ರ‍್ಯಾಡಿಕಲ್ ಎಂಬ ವಿವರಣೆ ಬಂದದ್ದು 1930ರ ದಶಕದಲ್ಲಿ, ಹೇಬರ್ ಮತ್ತು ವೈಸ್ ಅವರಿಂದ.

ಈ ರ‍್ಯಾಡಿಕಲ್‌ನ ಆಯುಸ್ಸು ಜೀವಕೋಶದೊಳಗೆ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನ ಆಸುಪಾಸು. ಹುಟ್ಟಿದ ಜಾಗದಲ್ಲಿ ಮೊದಲು ಏನು ಸಿಕ್ಕಿತೋ ಅದನ್ನು ಕಚ್ಚುತ್ತದೆ. ಕೊಬ್ಬು, ಪ್ರೋಟೀನು, ಡಿಎನ್‌ಎ, ಯಾವುದಾದರೂ ಸರಿ. ಇಷ್ಟು ಅಲ್ಪಾಯುಷಿ ಹೊರಗೆ ಹುಟ್ಟಿದರೆ ಕೋಶದ ಒಳಗೆ ತಲುಪುವುದೇ ಇಲ್ಲ. ಪೆರಾಕ್ಸೈಡ್‌ನ ಜಾಣತನ ಇಲ್ಲಿದೆ. ಅದಕ್ಕೆ ವಿದ್ಯುದಂಶವಿಲ್ಲ, ಗಾತ್ರ ನೀರಿಗಿಂತ ಚೂರು ದೊಡ್ಡದು, ಹಾಗಾಗಿ ಕೋಶದ ಪೊರೆಯನ್ನು ನೀರಿನಂತೆಯೇ ದಾಟುತ್ತದೆ. ಒಳಗೆ ರೋಗಾಣು ತನ್ನ ಉಸಿರಾಟಕ್ಕಾಗಿ ಕೂಡಿಟ್ಟುಕೊಂಡ ಕಬ್ಬಿಣ ಇದ್ದೇ ಇರುತ್ತದೆ. ಅಲ್ಲಿ ಸಿಡಿಯುತ್ತದೆ. ಈ ಸಿಡಿತದಲ್ಲಿ ಗುಳ್ಳೆ ಏಳುವುದಿಲ್ಲ, ಸದ್ದಿಲ್ಲ, ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ.

ಒಟ್ಟಿನಲ್ಲಿ ಒಂದು ಹನಿ ಪೆರಾಕ್ಸೈಡ್‌ಗೆ ಎರಡು ಗತಿ. ಗುಳ್ಳೆಯಾಗಿ ಹೋಗುವುದು ಅಥವಾ ಕೋಶದೊಳಗೆ ಹೊಕ್ಕು ಕೊಲ್ಲುವುದು. ಯಾವುದು ಮೊದಲು ನಡೆಯುತ್ತದೆ ಎಂಬುದು ಸುತ್ತಮುತ್ತ ಏನಿದೆ ಎಂಬುದರ ಮೇಲೆ ನಿಂತಿದೆ. ಒರೆಸಿ ಶುಚಿ ಮಾಡಿದ ಗಾಜಿನ ಮೇಲೆ ಎರಡನೆಯದು ಗೆಲ್ಲುತ್ತದೆ. ಕುಂಡದ ಮಣ್ಣಿನಲ್ಲಿ ಮೊದಲನೆಯದು, ಅದೂ ಏಕಪಕ್ಷೀಯವಾಗಿ.

ಎಷ್ಟು ಏಕಪಕ್ಷೀಯ ಎಂಬುದನ್ನು ಲೆಕ್ಕ ಹಾಕಿಯೇ ನೋಡಿ. ಒಂದು ಕಿಲೋ ಮಣ್ಣಿನಲ್ಲಿ ಶೇ. 1ರಷ್ಟು ಸಾವಯವ ಇಂಗಾಲ ಇದೆ ಎನ್ನೋಣ. ಗೊಬ್ಬರ ಬೆರೆಸಿದ ಕುಂಡದ ಮಿಶ್ರಣದಲ್ಲಿ ಇದಕ್ಕಿಂತ ಬಹಳ ಹೆಚ್ಚೇ ಇರುತ್ತದೆ. ಅಂದರೆ 10 ಗ್ರಾಂ ಇಂಗಾಲ. ಅಷ್ಟನ್ನೂ ಇಂಗಾಲದ ಡೈಆಕ್ಸೈಡ್ ಆಗುವವರೆಗೆ ಉರಿಸಲು ಸುಮಾರು 57 ಗ್ರಾಂ ಶುದ್ಧ ಪೆರಾಕ್ಸೈಡ್ ಬೇಕು, ಹತ್ತಿರ ಹತ್ತಿರ ಎರಡು ಲೀಟರ್ ಶೇ. 3ರ ದ್ರಾವಣ. ನಿಮ್ಮ ಕುಂಡದಲ್ಲಿ ಐದು ಕಿಲೋ ಮಣ್ಣಿದ್ದರೆ ಹತ್ತಿರ ಹತ್ತಿರ 285 ಗ್ರಾಂ. ನೀವು ಸುರಿದ ಒಂದು ಲೀಟರ್ ಮಿಶ್ರಣದಲ್ಲಿ ಇದ್ದದ್ದು 6 ಗ್ರಾಂ. ತೆಳುವಾದ ದ್ರಾವಣಕ್ಕೆ ಇಂಗಾಲವೆಲ್ಲ ಉರಿಯುವುದಿಲ್ಲ ಎಂಬುದು ನಿಜ, ಇದು ಕಾಗದದ ಮೇಲಿನ ಲೆಕ್ಕ. ಆದರೆ ಯಾರು ಯಾರನ್ನು ಮುಗಿಸುತ್ತಾರೆ ಎಂದು ತಿಳಿಯಲು ಇಷ್ಟು ಸಾಕು. ಇದರ ಮೇಲೆ ಮಣ್ಣಿನಲ್ಲಿರುವ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು, ಸತ್ತ ಬೇರಿನಿಂದ ಸೋರಿದ ಕಿಣ್ವಗಳು ಕೂಡ ಪಾಲಿಗೆ ಬರುತ್ತವೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು ಈ ಹೋರಾಟವನ್ನು ಹತ್ತಿರದಿಂದ ಕಂಡಿರುತ್ತಾರೆ. ಮಣ್ಣಿನಲ್ಲಿ ಮರಳೆಷ್ಟು, ಜೇಡಿಯೆಷ್ಟು ಎಂದು ಅಳೆಯುವ ಮುನ್ನ ಕಣಗಳನ್ನು ಅಂಟಿಸಿಕೊಂಡಿರುವ ಸಾವಯವ ಅಂಶವನ್ನು ತೆಗೆಯಬೇಕು. ಅದಕ್ಕೆ ಬಳಸುವುದು ಶೇ. 30ರ ಪೆರಾಕ್ಸೈಡ್. ಬೀಕರಿನಲ್ಲಿ ಕಪ್ಪು ಮಣ್ಣು ಕಲಸಿಟ್ಟು ಸ್ವಲ್ಪ ಸ್ವಲ್ಪವೇ ಬಿಡುತ್ತ ಹೋಗುತ್ತೇವೆ. ಅವಸರಪಟ್ಟರೆ ಕಂದು ನೊರೆ ಬೀಕರಿನ ಬಾಯಿ ದಾಟಿ ಮೇಜಿನ ಮೇಲೆ ಹರಿಯುತ್ತದೆ, ಮಾದರಿ ಅಲ್ಲಿಗೆ ಹಾಳು. ಉಕ್ಕು ತಗ್ಗಿಸಲು ಎರಡು ಹನಿ ಅಮೈಲ್ ಆಲ್ಕೋಹಾಲ್ ಬಿಡುವುದುಂಟು. ಬಿಸಿ ಮಾಡಿ, ಮತ್ತೆ ಬಿಟ್ಟು, ಮತ್ತೆ ಬಿಸಿ ಮಾಡಿ, ಕೆಲವು ಮಣ್ಣುಗಳಿಗೆ ಒಂದು ಇಡೀ ದಿನ ಬೇಕಾಗುತ್ತದೆ. ಕೊನೆಗೆ ಕಪ್ಪು ಹೋಗಿ ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ನಿಮ್ಮ ದ್ರಾವಣಕ್ಕಿಂತ ಐವತ್ತು ಪಟ್ಟು ಗಾಢವಾದದ್ದಕ್ಕೇ ಇಷ್ಟು ಹೊತ್ತು ಹಿಡಿಯುತ್ತದೆ, ಅದೂ ಒಂದು ಹಿಡಿ ಮಣ್ಣಿಗೆ. ಅಕಸ್ಮಾತ್ ನೀವು ಕುಂಡದಲ್ಲಿ ಗೆದ್ದಿರೆಂದೇ ಇಟ್ಟುಕೊಳ್ಳೋಣ, ಆಗ ಉಳಿಯುವುದು ಆ ಬೂದು ಪುಡಿ. ಇಲಿಗೆ ಹೆದರಿ ಮನೆ ಸುಟ್ಟಂತಾಯಿತು.

ಇನ್ನು ಬೇರು ಕೊಳೆಸುವವರು ಯಾರು ಎಂಬ ಪ್ರಶ್ನೆ. ಶಿಲೀಂಧ್ರವನ್ನು ಹೋಲುವ ಪಿಥಿಯಂ, ಫೈಟಾಫ್ತರಾ ಜಾತಿಯ ರೋಗಾಣುಗಳು ನೀರಿನಲ್ಲಿ ಈಜುವ ಚರಬೀಜಕಗಳನ್ನು ಬಿಡುತ್ತವೆ. ಈಜುವಾಗ ಅವಕ್ಕೆ ಕೋಶಭಿತ್ತಿ ಇರುವುದಿಲ್ಲ, ಬರಿಮೈ. ತೀರ ತೆಳುವಾದ ಪೆರಾಕ್ಸೈಡಿಗೂ ಸಾಯುತ್ತವೆ. ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವವರು, ಮರುಬಳಕೆಯ ನೀರು ಶುಚಿಗೊಳಿಸುವವರು ಪೆರಾಕ್ಸೈಡ್ ಹೊಗಳುವುದು ಸುಮ್ಮನೆ ಅಲ್ಲ. ಆದರೆ ಅದೇ ಪಿಥಿಯಂ ದಪ್ಪ ಗೋಡೆಯ ಬೀಜಕವಾಗಿ ಸತ್ತ ಬೇರಿನೊಳಗೆ ಮಲಗಿದ್ದರೆ, ಫ್ಯುಸೇರಿಯಂ ಎಂಬ ಶಿಲೀಂಧ್ರ ತನ್ನ ದಪ್ಪಗೋಡೆಯ ವಿಶ್ರಾಂತ ಬೀಜಕಗಳಲ್ಲಿ ಕೂತಿದ್ದರೆ, ರೈಜೋಕ್ಟೋನಿಯಾ ಎಂಬ ಇನ್ನೊಂದು ಶಿಲೀಂಧ್ರ ಕಂದು ಗಂಟುಗಳಾಗಿ ಮುದುಡಿದ್ದರೆ, ಕಥೆ ಬೇರೆ. ಆ ಕಂದು ಬಣ್ಣ ಮೆಲನಿನ್‌ನದು, ಅದು ಪೆರಾಕ್ಸೈಡ್‌ನಂಥ ಉತ್ಕರ್ಷಕಗಳನ್ನು ಹೀರಿ ತಣ್ಣಗಾಗಿಸುತ್ತದೆ. ಸೋಂಕುನಿವಾರಕವಾಗಿ ಮಾನ್ಯತೆ ಪಡೆದ ಶೇ. 7.5ರ ದ್ರಾವಣಕ್ಕೇ ಗಟ್ಟಿ ಬೀಜಕಗಳೂ ಸೇರಿದಂತೆ ವೈದ್ಯಕೀಯ ಉಪಕರಣದ ಮೇಲಿನ ಎಲ್ಲವನ್ನೂ ಕೊಲ್ಲಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕೊಟ್ಟಿರುವ ಅವಧಿ 6 ಗಂಟೆ. ಉಪಕರಣ ಮೊದಲೇ ತೊಳೆದಿರಬೇಕು ಎಂಬ ಷರತ್ತು ಬೇರೆ. ನಿಮ್ಮ ಮಣ್ಣಿನಲ್ಲಿ ಶೇ. 0.6ರ ದ್ರಾವಣ ಬಾಳಿದ್ದು ಅದಕ್ಕಿಂತ ಎಷ್ಟೋ ಕಡಿಮೆ ಹೊತ್ತು.

ಮಣ್ಣಿನ ಮೇಲಿನ ಬಿಳಿ ಬೂಷ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಬಹುಮಟ್ಟಿಗೆ ಗೊಬ್ಬರ ತಿನ್ನುವ ಸಾಧು ಶಿಲೀಂಧ್ರ. ಮೇಲಿನ ಒಂದು ಬೆರಳು ಮಣ್ಣನ್ನು ಕೆದಕಿ ಒಣಗಲು ಬಿಟ್ಟರೆ ತಾನಾಗಿಯೇ ಮಾಯವಾಗುತ್ತದೆ.

'ಕೊನೆಗೆ ನೀರು ಮತ್ತು ಆಮ್ಲಜನಕವಷ್ಟೇ' ಎಂಬ ಮಾತು ನನಗೆ ಸ್ವಲ್ಪ ಸಿಟ್ಟು ತರಿಸುತ್ತದೆ. ಸೌದೆ ಉರಿದು ಕೊನೆಗೆ ಬೂದಿಯಾಗುತ್ತದೆ, ಬೂದಿ ಯಾರನ್ನೂ ಸುಡುವುದಿಲ್ಲ. ಹಾಗೆಂದು ಉರಿಯುವ ಕೊಳ್ಳಿಗೆ ಕೈ ಒಡ್ಡುತ್ತೇವೆಯೇ? ಕೊನೆಯಲ್ಲಿ ಏನಾಗುತ್ತದೆ ಎಂಬುದು ಮಣ್ಣಿನಲ್ಲಿ ವಿಷ ಉಳಿಯುವುದೇ ಎಂಬ ಪ್ರಶ್ನೆಗೆ ಉತ್ತರ. ಉಳಿಯುವುದಿಲ್ಲ, ಅದು ನಿಜಕ್ಕೂ ಒಳ್ಳೆಯ ಗುಣ. ನಡುವೆ ಏನು ಮಾಡುತ್ತದೆ ಎಂಬುದು ಬೇರೆಯೇ ಪ್ರಶ್ನೆ. ರೋಗಾಣುವಿನ ಕೋಶಕ್ಕೂ ಬೇರುಗೂದಲಿನ ಕೋಶಕ್ಕೂ ಪೆರಾಕ್ಸೈಡ್ ಭೇದವೆಣಿಸುವುದಿಲ್ಲ. ಎಳೆಯ ಬಿಳಿ ಬೇರಿನ ತುದಿ ಗಾಢ ದ್ರಾವಣ ತಾಗಿದರೆ ಕಂದಿ ಹೋಗುತ್ತದೆ. ನಡುಹಗಲಿನಲ್ಲಿ ಎಲೆಗೆ ಸಿಂಪಡಿಸಿದರೆ ಬಿಳಿಚಿದ ಚುಕ್ಕೆಗಳು ಬೀಳುತ್ತವೆ. ಮಣ್ಣಿನಲ್ಲಿ ನಿಮ್ಮ ಗಿಡ ಬದುಕಿಕೊಂಡಿದ್ದರೆ ಅದಕ್ಕೆ ಕಾರಣ ಔಷಧ ಸೌಮ್ಯವಾಗಿದ್ದದ್ದಲ್ಲ, ಬೇರು ತಲುಪುವ ಮುನ್ನ ಮಣ್ಣು ಅದನ್ನು ಮುಗಿಸಿದ್ದು. ಅದಕ್ಕೇ ನೀರಿನಲ್ಲೇ ಬೆಳೆಯುವ ಗಿಡಗಳಿಗೆ ಇನ್ನೂ ಎಚ್ಚರ ಬೇಕು. ಅಲ್ಲಿ ಬೇರಿಗೆ ಅಡ್ಡ ನಿಲ್ಲುವ ಮಣ್ಣು ಇಲ್ಲ.

ಸೋಜಿಗವೆಂದರೆ ಗಿಡಕ್ಕೆ ಪೆರಾಕ್ಸೈಡ್ ಅಪರಿಚಿತವಲ್ಲ. ಜಪಾನಿನ ನೊರಿಯುಕಿ ದೋಕೆ 1983ರಲ್ಲಿ, ಫೈಟಾಫ್ತರಾ ಸೋಕಿದ ಆಲೂಗಡ್ಡೆಯ ಗೆಡ್ಡೆ ಸೂಪರಾಕ್ಸೈಡ್ ಎಂಬ ಆಮ್ಲಜನಕದ ಚುರುಕು ರೂಪವನ್ನು ಉಗುಳುವುದನ್ನು ತೋರಿಸಿದರು. ಆ ಸೂಪರಾಕ್ಸೈಡ್ ಮುಂದೆ ಪೆರಾಕ್ಸೈಡ್ ಆಗುತ್ತದೆ. ರೋಗ ತಗುಲಿದ ಜಾಗದಲ್ಲಿ ಗಿಡ ತನ್ನದೇ ಕೋಶಗಳನ್ನು ಬಲಿಗೊಟ್ಟು ಬೇಲಿ ಹಾಕುವ ತಂತ್ರ ಅದು. ಕೋಶಭಿತ್ತಿಗೆ ಗಟ್ಟಿತನ ಕೊಡುವ ಲಿಗ್ನಿನ್ ಕೂಡಿಸಲು, ಎಲೆಯ ರಂಧ್ರ ಮುಚ್ಚಲು ಸಂಕೇತ ಕೊಡಲು ಕೂಡ ಅದನ್ನು ಬಳಸುತ್ತದೆ. ಆದರೆ ಎಲ್ಲವೂ ಅತಿ ಕಡಿಮೆ ಪ್ರಮಾಣದಲ್ಲಿ, ಬೇಕಾದ ಕಡೆ, ಬೇಕಾದ ಗಳಿಗೆಯಲ್ಲಿ. ಸತ್ತ ಕೋಶವನ್ನೇ ತಿಂದು ಬದುಕುವ ಬೋಟ್ರೈಟಿಸ್‌ನಂಥ ಬೂದು ಬೂಷ್ಟಿಗೆ ಈ ಬಲಿದಾನ ಔತಣವಾಗುವುದೂ ಉಂಟು. ಹೀಗಿರುವಾಗ ಹೊರಗಿನಿಂದ ಲೋಟಗಟ್ಟಲೆ ಸುರಿದು ಗಿಡದ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇನೆ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಬೇರಿಗೆ ಆಮ್ಲಜನಕದ ಪ್ರಶ್ನೆಗೂ ಲೆಕ್ಕವೇ ಉತ್ತರ. ಶೇ. 3ರ ದ್ರಾವಣ ತನ್ನ ಗಾತ್ರದ ಹತ್ತು ಪಟ್ಟು ಆಮ್ಲಜನಕ ಬಿಡುತ್ತದೆ. ನಿಮ್ಮ ಒಂದು ಲೀಟರ್ ಮಿಶ್ರಣದಲ್ಲಿದ್ದ 200 ಮಿಲಿಲೀಟರ್ ದ್ರಾವಣದಿಂದ ಎರಡು ಲೀಟರ್ ಅನಿಲ ಬಂತು. ದೊಡ್ಡ ಸಂಖ್ಯೆಯೇ. ಆದರೆ 25 ಡಿಗ್ರಿಯಲ್ಲಿ ಗಾಳಿಗೆ ತೆರೆದಿಟ್ಟ ಒಂದು ಲೀಟರ್ ನೀರು ಕರಗಿಸಿ ಇಟ್ಟುಕೊಳ್ಳುವುದು ಸುಮಾರು 8 ಮಿಲಿಗ್ರಾಂ, ಅಂದರೆ 6 ಮಿಲಿಲೀಟರ್ ಆಮ್ಲಜನಕ. ಉಳಿದದ್ದು ನಿಮ್ಮ ಕಣ್ಣೆದುರೇ ನೊರೆಯಾಗಿ ಮೇಲೆದ್ದು ಹೋಯಿತು. ಬೇರು ಉಸಿರಾಡುವುದು ಹಗಲೂ ರಾತ್ರಿ. ಹತ್ತು ಲೀಟರಿನ ಕುಂಡದಲ್ಲಿ ಐದರಲ್ಲೊಂದು ಪಾಲು ಗಾಳಿ ತುಂಬಿದ ರಂಧ್ರಗಳಿದ್ದರೆ ಅಲ್ಲಿ ಸದಾ 400 ಮಿಲಿಲೀಟರಿಗೂ ಹೆಚ್ಚು ಆಮ್ಲಜನಕ ಇರುತ್ತದೆ, ಖರ್ಚಾದಂತೆಲ್ಲ ಮೇಲಿನಿಂದ ತುಂಬಿಕೊಳ್ಳುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವ ವೇಗ ನೀರಿನಲ್ಲಿ ಹರಡುವ ವೇಗಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು. ಕುಂಡದ ರಂಧ್ರಗಳಲ್ಲಿ ನೀರು ನಿಂತಿತೆಂದರೆ ಈ ದಾರಿಯೇ ಬಂದ್. ಬೇರು ಉಸಿರುಗಟ್ಟಿದ ಮೇಲೆ ಪಿಥಿಯಂ ಬರುತ್ತದೆ. ಪೆರಾಕ್ಸೈಡ್ ಕೊಟ್ಟದ್ದು ಮುಳುಗುತ್ತಿರುವವನಿಗೆ ಒಂದೆರಡು ಗುಟುಕು ಗಾಳಿ, ಅಷ್ಟೇ. ಅದರ ಜೊತೆಗೆ ನೀವು ಒಂದು ಲೀಟರ್ ನೀರನ್ನೂ ಸುರಿದಿರಿ.

ಹಾಗಾಗಿ ರೋಗ ಬಂದ ಕುಂಡಕ್ಕೆ ನನ್ನ ಸಲಹೆ ನೀರಸವಾದದ್ದು. ಗಿಡ ಹೊರತೆಗೆಯಿರಿ. ಹಳೆಯ ಮಣ್ಣನ್ನು ಬೇರಿನಿಂದ ತೊಳೆದು ತೆಗೆಯಿರಿ. ಬೇರನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲನೆ ಎಳೆದಾಗ ಹೊರಸಿಪ್ಪೆ ಕಾಲುಚೀಲ ಕಳಚಿದಂತೆ ಜಾರಿ ಒಳಗಿನ ನಾರು ಉಳಿದರೆ ಅದು ಕೊಳೆತದ್ದು, ಕತ್ತರಿಸಿ. ಉಳಿದದ್ದನ್ನು ಸರಾಗವಾಗಿ ನೀರು ಬಸಿಯುವ ಹೊಸ ಮಿಶ್ರಣಕ್ಕೆ ನೆಡಿ. ಈ ನಡುವೆ, ಮಣ್ಣು ತೊಳೆದ ಬರಿಯ ಬೇರನ್ನು ತೆಳುವಾದ ಪೆರಾಕ್ಸೈಡಿನಲ್ಲಿ ಅದ್ದಿ ತೆಗೆಯುವುದಕ್ಕೆ ನನ್ನ ಆಕ್ಷೇಪವಿಲ್ಲ. ಶೇ. 3ರ ಒಂದು ಪಾಲಿಗೆ ಒಂಬತ್ತು ಪಾಲು ನೀರು, ಒಂದೆರಡು ನಿಮಿಷ. ಮಣ್ಣಿನ ಅಡ್ಡಿ ಇಲ್ಲದಿರುವುದರಿಂದ ಅಲ್ಲಿ ಅದು ಮೇಲ್ಮೈಯಲ್ಲಿ ಸ್ವಲ್ಪ ಕೆಲಸ ಮಾಡುತ್ತದೆ. ಬೇರಿನೊಳಗೆ ಹೊಕ್ಕ ಶಿಲೀಂಧ್ರವನ್ನು ಮುಟ್ಟುವುದಿಲ್ಲ.

ಟ್ರೈಕೋಡರ್ಮಾವನ್ನು ಜೊತೆಯಲ್ಲೇ ಕೊಡಬೇಡಿ, ಅದೂ ಶಿಲೀಂಧ್ರವೇ. ಶತ್ರುವಿನತ್ತ ಬಾಣ ಬಿಟ್ಟು ಗೆಳೆಯನನ್ನೂ ಅದೇ ದಿಕ್ಕಿಗೆ ಓಡಿಸಿದಂತಾಗುತ್ತದೆ. ಆದರೆ ಪೆರಾಕ್ಸೈಡ್ ಬೇಗ ಮುಗಿದುಹೋಗುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ತಾಮ್ರದ ಔಷಧ ಸುರಿದಿದ್ದರೆ ಅದು ಮಣ್ಣಿನಲ್ಲಿ ಕೂತು ಮುಂದೆ ಬರುವ ಜೀವಾಣುಗಳನ್ನೂ ಬಾಧಿಸುತ್ತಿತ್ತು. ಪೆರಾಕ್ಸೈಡ್ ಆದರೆ ಒಂದೆರಡು ದಿನ ಬಿಟ್ಟು ನಿಶ್ಚಿಂತೆಯಿಂದ ಟ್ರೈಕೋಡರ್ಮಾ ಹಾಕಬಹುದು.

ಈಗ ಇದು ನಿಜವಾಗಿ ಗೆಲ್ಲುವ ಜಾಗಕ್ಕೆ ಬರೋಣ, ಕತ್ತರಿ ಮತ್ತು ಪಾತ್ರೆಗಳು. ಇಲ್ಲಿ ಒಂದೇ ಗುಟ್ಟು: ಮೊದಲು ಉಜ್ಜಿ ತೊಳೆಯಿರಿ, ಆಮೇಲೆ ಪೆರಾಕ್ಸೈಡ್. ಕತ್ತರಿಯ ಅಲಗಿನ ಮೇಲೆ ಒಣಗಿದ ಸೊನೆ, ಎಲೆಯ ರಸ ಇದ್ದರೆ ಅದರಲ್ಲೇ ಕ್ಯಾಟಲೇಸ್ ಇದೆ, ಆಲೂಗಡ್ಡೆಯ ಹೋಳಿನ ಕಥೆ ಅಲಗಿನ ಮೇಲೆ ಮರುಕಳಿಸುತ್ತದೆ. ಸಾಬೂನು ನೀರಿನಲ್ಲಿ ಉಜ್ಜಿ, ತೊಳೆದು, ಶೇ. 3ರ ದ್ರಾವಣವನ್ನು ನೀರು ಬೆರೆಸದೆ ಹಾಗೆಯೇ ಬಳಸಿ. ಹತ್ತು ನಿಮಿಷ ಒದ್ದೆಯಾಗಿಯೇ ಇರಲಿ. ಹೀಗೆ ತೊಳೆದ ಅಲಗಿನ ಮೇಲೆ ನೊರೆ ಬರುವುದಿಲ್ಲ. ಬಂದರೆ ಸರಿಯಾಗಿ ಉಜ್ಜಿಲ್ಲವೆಂದು ತಿಳಿಯಿರಿ, ಮತ್ತೆ ಬ್ರಷ್ ಹಿಡಿಯಿರಿ. ಕೊನೆಗೆ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿ. ಮಾಮೂಲಿ ಉಕ್ಕಿಗೆ ಇದು ತುಕ್ಕು ಹಿಡಿಸುತ್ತದೆ. ಗಿಡದಿಂದ ಗಿಡಕ್ಕೆ ಹೋಗುವಾಗ ಹತ್ತು ಹತ್ತು ನಿಮಿಷ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಅಲ್ಲಿ ಶೇ. 70ರ ಆಲ್ಕೋಹಾಲ್‌ನಲ್ಲಿ ಒರೆಸುವುದೇ ಮೇಲು. ತಂಬಾಕು ಮೊಸಾಯಿಕ್‌ನಂಥ ವೈರಸ್ಸಿಗೆ ಪೆರಾಕ್ಸೈಡನ್ನು ನೆಚ್ಚಬೇಡಿ. ಅದಕ್ಕೆ ಕೆನೆ ತೆಗೆದ ಹಾಲಿನ ಪುಡಿಯ ಶೇ. 20ರ ದ್ರಾವಣ ವಾಸಿ ಎಂದರೆ ನಗಬೇಡಿ, ಹಾಲಿನ ಪ್ರೋಟೀನು ಸೋಂಕು ಹರಡದಂತೆ ಅದನ್ನು ಕಟ್ಟಿಹಾಕುತ್ತದೆ.

ಪ್ಲಾಸ್ಟಿಕ್ ಕುಂಡ, ಸಸಿ ತಟ್ಟೆಗಳಿಗೂ ಇದೇ ಕ್ರಮ. ಮಣ್ಣಿನ ಕುಂಡದ ವಿಷಯ ಬೇರೆ. ಅದರ ಗೋಡೆಯ ರಂಧ್ರಗಳೊಳಗೆ ವರ್ಷಗಳ ಬೇರಿನ ಎಳೆ, ಪಾಚಿ ಸೇರಿರುತ್ತವೆ, ಪೆರಾಕ್ಸೈಡ್ ಬಾಗಿಲಲ್ಲೇ ಖರ್ಚಾಗುತ್ತದೆ. ಶೇ. 5ರ ಬ್ಲೀಚಿನ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು ಬಿಸಿಲಿಗಿಡುವುದು ನನ್ನ ರೂಢಿ.

ಬ್ಲೀಚ್ ಮತ್ತು ಪೆರಾಕ್ಸೈಡನ್ನು ಒಟ್ಟಿಗೆ ಬೆರೆಸಿದರೆ ಎರಡರ ಶಕ್ತಿ ಕೂಡುತ್ತದೆ ಎಂದುಕೊಳ್ಳುವವರಿದ್ದಾರೆ. ಅವು ಒಂದನ್ನೊಂದು ತಿಂದು ಮುಗಿಸುತ್ತವೆ. ಆಮ್ಲಜನಕ ರಭಸದಿಂದ ಹೊರಬಿದ್ದು ಉಪ್ಪುನೀರು ಉಳಿಯುತ್ತದೆ. ಗಾಢ ದ್ರಾವಣಗಳಾದರೆ ಬಿಸಿಯಾಗಿ ಸಿಡಿಯುತ್ತದೆ. ಮೈಲುತುತ್ತು, ಬೋರ್ಡೋ ದ್ರಾವಣ, ಸುಣ್ಣ, ಬೂದಿ, ಪೊಟ್ಯಾಸಿಯಂ ಪರ್ಮಾಂಗನೇಟ್, ಇವುಗಳ ಪಾತ್ರೆಗೂ ಪೆರಾಕ್ಸೈಡನ್ನು ಸೇರಿಸಬೇಡಿ. ತಾಮ್ರ, ಮ್ಯಾಂಗನೀಸ್ ಅದನ್ನು ಒಡೆಯುವ ವೇಗವರ್ಧಕಗಳು, ಕ್ಷಾರದಲ್ಲಿ ಅದಕ್ಕೆ ಬಾಳಿಕೆಯಿಲ್ಲ.

ವಿನೆಗರ್ ಬೆರೆಸುವ ಪಾಠ ಇನ್ನೊಂದು. ಇದಕ್ಕೆ ರಸಾಯನ ವಿಜ್ಞಾನದ ಬೆಂಬಲವಿದೆ, ಅಪಾಯ ಇರುವುದೂ ಅಲ್ಲೇ. ಅಸಿಟಿಕ್ ಆಮ್ಲ ಮತ್ತು ಪೆರಾಕ್ಸೈಡ್ ಸೇರಿ ಪೆರಸಿಟಿಕ್ ಆಮ್ಲ ಹುಟ್ಟುತ್ತದೆ. ಹಸಿರುಮನೆಗಳಿಗೆಂದು ಮಾರುವ ಹಲವು ಸೋಂಕುನಿವಾರಕಗಳಲ್ಲಿ ಪೆರಾಕ್ಸೈಡ್ ಜೊತೆ ಇದನ್ನೂ ಅಳೆದು ಸೇರಿಸಿರುತ್ತಾರೆ, ಏಕೆಂದರೆ ಕ್ಯಾಟಲೇಸ್ ಇದನ್ನು ಒಡೆಯಲಾರದು. ರೋಗಾಣುವಿನ ಗುರಾಣಿ ಇದರ ಮುಂದೆ ನಡೆಯುವುದಿಲ್ಲ. ಆದರೆ ಮನೆಯಲ್ಲಿ ಕಲಸಿದರೆ ಎಷ್ಟು ಹುಟ್ಟಿತು ಎಂದು ಅಳೆಯುವ ಸಾಧನ ನಿಮ್ಮ ಬಳಿ ಇಲ್ಲ. ಅದರ ಆವಿ ಕಣ್ಣಿಗೂ ಶ್ವಾಸನಾಳಕ್ಕೂ ಚುಚ್ಚುತ್ತದೆ. ಬೇಕಿದ್ದರೆ ತಯಾರಾದ ಉತ್ಪನ್ನವನ್ನೇ ತಂದು ಚೀಟಿಯಲ್ಲಿ ಬರೆದ ಪ್ರಮಾಣದಲ್ಲಿ ಬಳಸಿ.

ಪ್ರಮಾಣದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಕೆಲವು ಬಾಟಲಿಗಳ ಮೇಲೆ ಶೇಕಡಾ ಬದಲು '10 ವಾಲ್ಯೂಮ್', '20 ವಾಲ್ಯೂಮ್' ಎಂದಿರುತ್ತದೆ. ಒಂದು ಪಾಲು ದ್ರಾವಣದಿಂದ ಎಷ್ಟು ಪಾಲು ಆಮ್ಲಜನಕ ಬರುತ್ತದೆ ಎಂಬ ಲೆಕ್ಕ ಅದು. 10 ವಾಲ್ಯೂಮ್ ಎಂದರೆ ಶೇ. 3, 20 ಎಂದರೆ ಶೇ. 6, 100 ಎಂದರೆ ಶೇ. 30. ಗಾಢವಾದದ್ದನ್ನು ತಂದು ಮನೆಯಲ್ಲಿ ತೆಳು ಮಾಡಿದರೆ ಉಳಿತಾಯ ಎಂಬ ಆಸೆ ಬೇಡ. ಶೇ. 3ರ ಒಂದು ಲೀಟರ್ ಒಮ್ಮೆಲೇ ಒಡೆದರೆ ಸುಮಾರು 20 ಡಿಗ್ರಿ ಬಿಸಿಯೇರುತ್ತದೆ. ಶೇ. 30ರದು ಒಡೆದರೆ ಆ ಶಾಖಕ್ಕೆ ತಾನೇ ಕುದಿಯುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೈಗವಸು ಇಲ್ಲದೆ ಅದರ ಮುಚ್ಚಳ ತಿರುಗಿಸಿದ್ದೆ. ಮೊದಲು ಏನೂ ಅನ್ನಿಸಲಿಲ್ಲ. ಅರೆ ನಿಮಿಷದಲ್ಲಿ ಹೆಬ್ಬೆರಳು, ತೋರುಬೆರಳ ತುದಿ ಸುಣ್ಣ ಬಳಿದಂತೆ ಬೆಳ್ಳಗಾದವು, ಆಮೇಲೆ ಸಾವಿರ ಸೂಜಿ ಚುಚ್ಚಿದ ಉರಿ. ಚರ್ಮದ ಒಳಗೆ ಹೊಕ್ಕ ಪೆರಾಕ್ಸೈಡ್ ಅಲ್ಲೇ ಸಣ್ಣ ಆಮ್ಲಜನಕದ ಗುಳ್ಳೆಗಳಾಗಿ ಕೂತಿದ್ದರಿಂದ ಆ ಬಿಳುಪು. ಕೆಲವು ಗಂಟೆಗಳಲ್ಲಿ ಮಾಯವಾಯಿತು. ಕಣ್ಣಿಗೆ ಸಿಡಿದಿದ್ದರೆ ಅಥವಾ ಯಾರಾದರೂ ನೀರೆಂದು ಕುಡಿದಿದ್ದರೆ ಅದು ಹೀಗೆ ಹೇಳಿಕೊಳ್ಳುವ ಕಥೆಯಾಗುತ್ತಿರಲಿಲ್ಲ. ಒಂದು ಗುಟುಕಿನಿಂದಲೇ ಹೊಟ್ಟೆಯಲ್ಲಿ ಲೀಟರುಗಟ್ಟಲೆ ಅನಿಲ ಹುಟ್ಟಿ ರಕ್ತನಾಳಗಳಿಗೆ ನುಗ್ಗಬಹುದು.

ಕೊನೆಯದಾಗಿ ನಿಮ್ಮ ಬಾಟಲಿ. ತಯಾರಕರು ಅದರಲ್ಲಿ ಚೂರು ಆಮ್ಲ, ಫಾಸ್ಫೇಟ್ ಅಥವಾ ತವರದ ಲವಣ ಸೇರಿಸಿ, ಲೋಹದ ಕಣಗಳು ಅದನ್ನು ಒಡೆಯದಂತೆ ಕಾಪಾಡಿರುತ್ತಾರೆ. ಬೆಳಕು ತಾಗದ ಪ್ಲಾಸ್ಟಿಕ್ಕಿನಲ್ಲಿ, ತಂಪಾದ ಕಡೆ, ಮೂಲ ಬಾಟಲಿಯಲ್ಲೇ ಇಡಿ. ತೆರೆದು ತಿಂಗಳುಗಳಾಗಿದ್ದರೆ ಮತ್ತೆ ಹಸಿ ಆಲೂಗಡ್ಡೆಯ ಹೋಳು ತೆಗೆಯಿರಿ. ರೋಗ ಸತ್ತಿತೇ ಎಂದು ನೊರೆ ಹೇಳಲಾರದು, ಬಾಟಲಿ ಬದುಕಿದೆಯೇ ಎಂದು ಹೇಳಬಲ್ಲದು. ನೀರು ಬೆರೆಸಿದ್ದು ಮಿಕ್ಕರೆ ಬಾಟಲಿಗೆ ವಾಪಸು ಸುರಿಯಬೇಡಿ. ಅದರಲ್ಲಿ ಸೇರಿದ ಒಂದು ಚಿಟಿಕೆ ಮಣ್ಣು ಒಳಗಿದ್ದದ್ದನ್ನೆಲ್ಲ ನಿಧಾನವಾಗಿ ಒಡೆಯುತ್ತ, ಬಿಗಿ ಮುಚ್ಚಳದ ಬಾಟಲಿಯನ್ನು ಉಬ್ಬಿಸಿ ಬಿರಿಯುವಂತೆ ಮಾಡುತ್ತದೆ. ಮಿಕ್ಕದ್ದರಿಂದ ಕುಂಡದ ಹೊರಮೈಯ ಪಾಚಿ ಉಜ್ಜಿಬಿಡಿ.